ಮನೆಮಂದಿಯೇ ನಡೆಸುವ ಸಫಾರಿ ಸಂಸ್ಥೆ: ಉತ್ತರ ತಾಂಜಾನಿಯಾಕ್ಕೆ ಹೊರಟವರ ಒಂದು ಪ್ರಶ್ನೆ

ಪಯಣಿಗ:

ಬರುವ ಫೆಬ್ರವರಿಯಲ್ಲಿ ನಾವು ಐದು ಮಂದಿ, ಅಂದರೆ ನಾನು, ನನ್ನ ಹೆಂಡತಿ, ಎಪ್ಪತ್ತರ ಆಸುಪಾಸಿನಲ್ಲಿರುವ ತಂದೆತಾಯಿ ಮತ್ತು ಹತ್ತು ವರ್ಷದ ಮಗಳು, ಉತ್ತರ ತಾಂಜಾನಿಯಾದಲ್ಲಿ ಏಳು ದಿನ ಸಫಾರಿ ಮಾಡಬೇಕೆಂದುಕೊಂಡಿದ್ದೇವೆ. ದೊಡ್ಡ ಸಂಸ್ಥೆಗಳೆರಡರಿಂದ ಹಾಗೂ ಅಲ್ಲಿನ ಅರುಷಾ ಪಟ್ಟಣದಲ್ಲಿರುವ ಒಂದು ಸಣ್ಣ ಸಂಸ್ಥೆಯಿಂದ ಪ್ರವಾಸದ ಯೋಜನೆಯನ್ನೂ ದರವನ್ನೂ ತರಿಸಿಕೊಂಡಿದ್ದೇನೆ. ಸಣ್ಣ ಸಂಸ್ಥೆಯನ್ನು ಒಂದು ಕುಟುಂಬವೇ ನಡೆಸುತ್ತಿದೆ. ಯಜಮಾನರು ಮ್ವೇಕಾದ ಕಾಲೇಜಿನಲ್ಲಿ ವನ್ಯಜೀವಿ ನಿರ್ವಹಣೆಯ ಡಿಪ್ಲೊಮಾ ಮಾಡಿ, ಕೆಲವು ವರ್ಷ ಒಂದು ಸಂಶೋಧನಾ ತಂಡದೊಂದಿಗೆ ಕ್ಷೇತ್ರ ಸಹಾಯಕರಾಗಿದ್ದು, ಆಮೇಲೆ ಗೈಡ್ ಆದವರು. ಅವರ ಪತ್ನಿ ಕಾಯ್ದಿರಿಸುವಿಕೆ ಮತ್ತು ಲೆಕ್ಕಪತ್ರ ನೋಡಿಕೊಳ್ಳುತ್ತಾರೆ, ಗಾಡಿಗಳ ರಿಪೇರಿಯನ್ನು ಯಜಮಾನರ ತಮ್ಮ ನೋಡಿಕೊಳ್ಳುತ್ತಾರೆ. ಇರುವುದು ಎರಡೇ ಲ್ಯಾಂಡ್ ಕ್ರೂಸರ್.

ನನ್ನನ್ನು ಯೋಚನೆಗೆ ಹಚ್ಚಿದ್ದು ಅವರು ಬರೆದ ಉತ್ತರ. ತರಂಗಿರೆ, ಮನ್ಯಾರಾ, ಎನ್ಗೊರೊಂಗೊರೊ, ಎನ್ಡೂಟು ಮತ್ತು ಸೆರೆಂಗೆಟಿ ಈ ವನ್ಯಜೀವಿ ತಾಣಗಳೆಲ್ಲವೂ ಬೇಕೆಂದು ನಾನು ಕೇಳಿದ್ದಕ್ಕೆ ದೊಡ್ಡ ಸಂಸ್ಥೆಗಳೆರಡೂ ಮರುದಿನವೇ ಎಲ್ಲವನ್ನೂ ಸೇರಿಸಿದ ಪಟ್ಟಿಯನ್ನು ಕಳುಹಿಸಿದವು. ಈ ಗೈಡ್ ಮಾತ್ರ ಮನ್ಯಾರಾವನ್ನು ಕೈಬಿಟ್ಟು, ಸೆರೆಂಗೆಟಿಯ ನಡುಭಾಗಕ್ಕೆ ಒಂದು ರಾತ್ರಿ ಕಡಿಮೆ ಮಾಡಿ, ಎನ್ಡೂಟುವಿನಲ್ಲಿಯೇ ಮೂರು ರಾತ್ರಿ ಉಳಿಯಿರಿ ಎಂದು ಬರೆದಿದ್ದಾರೆ. ವಯಸ್ಸಾದವರನ್ನು ದಿನವೂ ಆರು ಗಂಟೆ ಧೂಳಿನಲ್ಲಿ ಕುಲುಕಿಸಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ ಎಂಬುದು ಅವರು ಕೊಟ್ಟ ಕಾರಣ. ಅಚ್ಚರಿಯೆಂದರೆ, ಹೀಗೆ ಕಡಿಮೆ ಮಾಡಿದ ಮೇಲೂ ಅವರ ದರ ಉಳಿದಿಬ್ಬರ ದರಕ್ಕಿಂತ ತುಸು ಹೆಚ್ಚೇ ಇದೆ. ಆ ಡಿಪ್ಲೊಮಾಕ್ಕೆ ನಿಜವಾದ ಬೆಲೆಯಿದೆಯೇ? ಎರಡು ಗಾಡಿಯ ಸಂಸ್ಥೆಯನ್ನು ನಂಬಿ ಮುಂಗಡ ಕಳುಹಿಸಬಹುದೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹುಲ್ಲುಬಯಲು:

ಕೆಲಸದ ನಿಮಿತ್ತ ಆರು ವರ್ಷ ಅರುಷಾದಲ್ಲಿದ್ದವನಾದ್ದರಿಂದ ಮೊದಲ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ. ಮ್ವೇಕಾ ಎಂಬುದು ಮೋಶಿ ಪಟ್ಟಣದ ಮೇಲ್ಗಡೆ, ಕಿಲಿಮಂಜಾರೊ ಬೆಟ್ಟದ ತಪ್ಪಲಿನಲ್ಲಿರುವ ಊರು. ಅಲ್ಲಿನ ಆಫ್ರಿಕನ್ ವನ್ಯಜೀವಿ ನಿರ್ವಹಣಾ ಕಾಲೇಜು 1963ರಲ್ಲಿ ಆರಂಭವಾಯಿತು. ಅದರ ಹಿನ್ನೆಲೆ ಗೊತ್ತಿದ್ದರೆ ಅದರ ಸ್ವಭಾವವೂ ತಿಳಿಯುತ್ತದೆ. 1961ರ ಸೆಪ್ಟೆಂಬರಿನಲ್ಲಿ, ಸ್ವಾತಂತ್ರ್ಯಕ್ಕೆ ಇನ್ನೂ ಮೂರು ತಿಂಗಳಿರುವಾಗ, ಆಗಿನ ಪ್ರಧಾನಿ ಜೂಲಿಯಸ್ ನೈರೇರೆ ಅರುಷಾದಲ್ಲಿ ನಡೆದ ಸಭೆಯಲ್ಲಿ ವನ್ಯಜೀವಿಗಳನ್ನು ಕಾಪಾಡುವ ಹೊಣೆಯನ್ನು ಹೊಸ ರಾಷ್ಟ್ರ ಹೊರುತ್ತದೆಂದು ಘೋಷಿಸಿದರು. ಆ ಹೊಣೆಗೆ ತರಬೇತಾದ ಜನ ಬೇಕು, ಹಣ ಬೇಕು, ಅದಕ್ಕೆ ಹೊರಗಿನವರ ನೆರವೂ ಬೇಕು ಎಂದು ಅದೇ ಘೋಷಣೆ ಒಪ್ಪಿಕೊಂಡಿತ್ತು. ಅಲ್ಲಿಯವರೆಗೆ ಉದ್ಯಾನಗಳ ಮೇಲಧಿಕಾರಿಗಳೆಲ್ಲ ಬಹುಪಾಲು ಯುರೋಪಿನವರೇ ಆಗಿದ್ದುದರಿಂದ, ಆ ಕುರ್ಚಿಗಳಲ್ಲಿ ಆಫ್ರಿಕದವರು ಕೂರಬೇಕಾದರೆ ಆಫ್ರಿಕದಲ್ಲೇ ಒಂದು ಕಾಲೇಜು ಇರಬೇಕಿತ್ತು. ಎಂದರೆ ಇದು ಮೂಲದಲ್ಲಿ ಕಾಡಿನ ಅಧಿಕಾರಿಗಳನ್ನು ತಯಾರಿಸಲು ಹುಟ್ಟಿದ ಶಾಲೆ, ಪ್ರವಾಸಿಗರನ್ನು ರಂಜಿಸುವವರನ್ನು ತಯಾರಿಸಲು ಹುಟ್ಟಿದ್ದಲ್ಲ. ಪ್ರಾಣಿಗಣತಿ, ಹುಲ್ಲು ಮತ್ತು ಮರಗಳ ಸಮೀಕ್ಷೆ, ಕಾನೂನು, ಕಳ್ಳಬೇಟೆ ತಡೆ, ಅಂಚಿನ ಹಳ್ಳಿಗಳ ಜೊತೆಗಿನ ವ್ಯವಹಾರ ಇವೆಲ್ಲ ಅಲ್ಲಿನ ಓದಿಗೆ ಸೇರಿವೆ.

ಹಾಗಾಗಿ ಡಿಪ್ಲೊಮಾ ಇದ್ದ ಮಾತ್ರಕ್ಕೆ ಒಳ್ಳೆಯ ಗೈಡ್ ಎನ್ನುವಂತಿಲ್ಲ. ಏನೂ ಓದದ, ಆದರೆ ರಣಹದ್ದು ಇಳಿಯುವ ರೀತಿಯಿಂದಲೇ ಸತ್ತ ಪ್ರಾಣಿಯ ಬಳಿ ಸಿಂಹ ಇನ್ನೂ ಇದೆಯೋ ಇಲ್ಲವೋ ಎಂದು ಹೇಳಬಲ್ಲ ಚಾಲಕರನ್ನು ನಾನು ನೋಡಿದ್ದೇನೆ. ಓದಿದವರಲ್ಲಿ ಕಾಣುವ ವ್ಯತ್ಯಾಸ ಬೇರೆಯದು. ಅವರು ಪ್ರಾಣಿಯನ್ನು ತೋರಿಸಿ ಮುಗಿಸುವುದಿಲ್ಲ, ಆ ಪ್ರಾಣಿ ಇಲ್ಲಿ, ಈ ತಿಂಗಳಲ್ಲಿ, ಇಷ್ಟೇ ಸಂಖ್ಯೆಯಲ್ಲಿ ಏಕಿದೆ ಎಂಬ ಕಡೆಗೆ ನಿಮ್ಮನ್ನು ಕರೆದೊಯ್ಯುತ್ತಾರೆ.

ಫೆಬ್ರವರಿಗೆ ಎನ್ಡೂಟು ಎಂಬ ಅವರ ಸಲಹೆ ನೂರಕ್ಕೆ ನೂರು ಸರಿ. ವೈಲ್ಡೆಬೀಸ್ಟ್ ಎಂಬ ದನದಂಥ ಕಾಡುಪ್ರಾಣಿಯ ಹಿಂಡುಗಳು ಕರು ಹಾಕುವುದು ಆಗಲೇ, ಆ ದಕ್ಷಿಣದ ಗಿಡ್ಡ ಹುಲ್ಲಿನ ಬಯಲಿನಲ್ಲಿಯೇ. ಮಾರಾ ನದಿಯನ್ನು ಹಿಂಡುಗಳು ದಾಟುವ ದೃಶ್ಯ ಬೇಕಿದ್ದವರು ಜುಲೈಯಿಂದ ಅಕ್ಟೋಬರ್ ನಡುವೆ ಉತ್ತರಕ್ಕೆ ಹೋಗಬೇಕು. ಫೆಬ್ರವರಿಯಲ್ಲಿಯೂ ನದಿ ದಾಟುವುದನ್ನು ತೋರಿಸುತ್ತೇವೆಂದು ಹೇಳುವವರಿದ್ದರೆ ಅವರ ಪತ್ರಕ್ಕೆ ಉತ್ತರವನ್ನೂ ಬರೆಯಬೇಡಿ.

ಲೆಕ್ಕಿಗ:

ಕುಟುಂಬ, ಸಂರಕ್ಷಣೆ ಎಂಬ ಎರಡು ಪದಗಳು ಜಾಹೀರಾತಿನಲ್ಲಿ ಒಟ್ಟಿಗೆ ಕಂಡರೆ ನನಗೆ ಅನುಮಾನ ಬರುತ್ತದೆ. ಅದಕ್ಕೆ ನನ್ನದೇ ಕಾರಣವಿದೆ. ಕೆಲವು ವರ್ಷಗಳ ಹಿಂದೆ, ಸಂಸ್ಥಾಪಕರೇ ನಿಮ್ಮ ಗೈಡ್ ಎಂದು ನಂಬಿಸಿದ ಒಂದು ಸಂಸ್ಥೆಗೆ ನಾವು ಹಣ ಕಟ್ಟಿದೆವು. ವಿಮಾನ ನಿಲ್ದಾಣಕ್ಕೆ ಬಂದವನು ಹಿಂದಿನ ದಿನವಷ್ಟೇ ದಿನಗೂಲಿಗೆ ಗೊತ್ತುಮಾಡಿಕೊಂಡ ಚಾಲಕ. ಪಾಪ, ಒಳ್ಳೆಯ ಮನುಷ್ಯ. ಆದರೆ ಅವನ ಸಂಪಾದನೆಯೆಲ್ಲ ನಾವು ಕೊಡುವ ಟಿಪ್ಪಿನ ಮೇಲೆ ನಿಂತಿತ್ತೆಂಬುದು ಮೂರನೆಯ ದಿನ ತಿಳಿಯಿತು, ಅಲ್ಲಿಂದ ಮುಂದೆ ನಮ್ಮನ್ನು ಮೆಚ್ಚಿಸಲು ಅವನು ಪಡುತ್ತಿದ್ದ ಪಾಡನ್ನು ನೋಡುವುದೇ ಕಷ್ಟವಾಯಿತು.

ಈಗ ದರದ ವಿಷಯ. ಸೆರೆಂಗೆಟಿಗೆ ವಿದೇಶದ ವಯಸ್ಕರೊಬ್ಬರಿಗೆ 24 ಗಂಟೆಗೆ 70 ಡಾಲರ್ ಶುಲ್ಕ, ಅದರ ಮೇಲೆ ಶೇಕಡಾ 18ರ ವ್ಯಾಟ್ ಸೇರಿ 82 ಡಾಲರ್ 60 ಸೆಂಟ್ ಎಂಬುದು ನಾವು ಕಟ್ಟಿದ ಲೆಕ್ಕ. ನಿಮ್ಮಲ್ಲಿ ನಾಲ್ವರು ವಯಸ್ಕರು, ಅಂದರೆ ದಿನಕ್ಕೆ 330 ಡಾಲರಿಗೂ ಮೇಲೆ. ಎನ್ಗೊರೊಂಗೊರೊದ ಬಟ್ಟಲಿನಂಥ ಜ್ವಾಲಾಮುಖಿ ಕುಳಿಯೊಳಗೆ ಇಳಿಯಲು ಪ್ರತಿ ಗಾಡಿಗೆ ಬೇರೆಯಾಗಿ 295 ಡಾಲರ್. ಇವು ಸರ್ಕಾರದ ಶುಲ್ಕಗಳಾದ್ದರಿಂದ ದೊಡ್ಡ ಸಂಸ್ಥೆಗೂ ಸಣ್ಣ ಸಂಸ್ಥೆಗೂ ಒಂದೇ. ಹೀಗಿರುವಾಗ ಒಬ್ಬರ ದರ ಇನ್ನೊಬ್ಬರದಕ್ಕಿಂತ ಬಹಳ ಕಡಿಮೆಯಿದ್ದರೆ ಆ ಉಳಿತಾಯ ಬಂದಿರುವುದು ಗೈಡಿನ ಸಂಬಳದಿಂದ, ಗಾಡಿಯ ಟೈರಿನಿಂದ ಅಥವಾ ಬಿಡಾರದ ದೂರದಿಂದ. ಆದ್ದರಿಂದ ಇವರ ದರ ತುಸು ಹೆಚ್ಚಿದೆ ಎಂಬುದು ನನ್ನ ಕಣ್ಣಿಗೆ ದೋಷವಾಗಿ ಕಾಣುವುದಿಲ್ಲ. ನನ್ನ ತಕರಾರು ಬೇರೆ ಕಡೆಯಿದೆ. ಎರಡೇ ಗಾಡಿಯಿದ್ದು ಒಂದು ಕೆಟ್ಟು ನಿಂತರೆ ಏನು ಮಾಡುತ್ತಾರೆ? ಯಜಮಾನರಿಗೆ ಜ್ವರ ಬಂದರೆ ಯಾರು ಬರುತ್ತಾರೆ? 2019ರಲ್ಲಿ ಸುಮಾರು 15 ಲಕ್ಷ ವಿದೇಶಿ ಪ್ರವಾಸಿಗರನ್ನು ಕಂಡ ಆ ದೇಶಕ್ಕೆ 2020ರಲ್ಲಿ ಬಂದವರು ಸುಮಾರು 6 ಲಕ್ಷ. ಅಂಥ ವರ್ಷವೊಂದು ಮತ್ತೆ ಬಂದರೆ ನೀವು ಕಟ್ಟಿದ ಮುಂಗಡ ಒಂದು ಕುಟುಂಬದ ಅಡುಗೆಮನೆಯಲ್ಲಿ ಕರಗಿಹೋಗಿರುತ್ತದೆ. ಪ್ರವಾಸಿ ಸಂಸ್ಥೆಗಳಿಗೆ ಸರ್ಕಾರ ಕೊಡುವ ಟಾಲಾ ಪರವಾನಗಿಯ ಪ್ರತಿ, ಮುಂಗಡ ವಾಪಸಾತಿಯ ನಿಯಮ, ಬದಲಿ ಗೈಡಿನ ಹೆಸರು ಇವಿಷ್ಟನ್ನು ಬರಹದಲ್ಲಿ ಪಡೆಯದೆ ಒಂದು ಡಾಲರನ್ನೂ ಕಳುಹಿಸಬೇಡಿ.

ಕ್ಯಾಮೆರಾ ಹೊತ್ತವನು:

ಲೆಕ್ಕಿಗರು ಟಿಪ್ಪಿನ ಮಾತೆತ್ತಿದ್ದರಿಂದ ನಾನು ಹೇಳಲು ಹಿಂಜರಿಯುತ್ತಿದ್ದ ಒಂದು ಪ್ರಸಂಗವನ್ನು ಹೇಳಿಬಿಡುತ್ತೇನೆ. ಎನ್ಡೂಟುವಿನ ಬಯಲಿನಲ್ಲಿ ಮೂರು ಮರಿಗಳಿದ್ದ ಒಂದು ಚೀತಾ ಬೇಟೆಗೆ ಹೊಂಚುತ್ತಿತ್ತು. ಅದರ ಸುತ್ತ ಹನ್ನೊಂದು ಗಾಡಿಗಳು ಸೇರಿದ್ದವು, ಹನ್ನೆರಡನೆಯದು ನಮ್ಮದು. ಸೆರೆಂಗೆಟಿ ಉದ್ಯಾನದೊಳಗೆ ರಸ್ತೆ ಬಿಟ್ಟು ಗಾಡಿ ಇಳಿಸುವಂತಿಲ್ಲ. ಆದರೆ ಎನ್ಡೂಟುವಿನ ಬಹುಭಾಗ ಎನ್ಗೊರೊಂಗೊರೊ ಸಂರಕ್ಷಣಾ ಪ್ರದೇಶಕ್ಕೆ ಸೇರಿದ್ದು, ಅಲ್ಲಿ ಗಾಡಿಗಳು ಹುಲ್ಲಿನ ಮೇಲೆ ಓಡಾಡುವುದು ವಾಡಿಕೆಯಾಗಿದೆ. ನಾನು ನಮ್ಮ ಚಾಲಕನ ಭುಜ ತಟ್ಟಿ, ಇನ್ನೂ ಸ್ವಲ್ಪ ಮುಂದೆ, ಇನ್ನೂ ಸ್ವಲ್ಪ ಎಂದೆ. ಅವನು ಒಮ್ಮೆ ಹಿಂದಿರುಗಿ ನನ್ನ ಮುಖ ನೋಡಿದ, ಆಮೇಲೆ ಮುಂದೆ ಹೋದ. ಚೀತಾ ಎದ್ದು ನಿಂತಿತು, ಜಿಂಕೆಗಳು ಗಾಡಿಗಳನ್ನು ಕಂಡು ಚದುರಿದವು, ಬೇಟೆ ತಪ್ಪಿತು. ಆ ಹನ್ನೆರಡರಲ್ಲಿ ಒಂದೇ ಒಂದು ಗಾಡಿ ಇದಕ್ಕೂ ಮೊದಲೇ ಹಿಂದೆ ಸರಿದು ಹೊರಟುಹೋಗಿತ್ತು. ಅದರಲ್ಲಿದ್ದ ಪ್ರವಾಸಿಗರು ಮುಖ ಗಂಟಿಕ್ಕಿಕೊಂಡಿದ್ದುದು ನನಗೆ ದುರ್ಬೀನಿಲ್ಲದೆಯೂ ಕಾಣುತ್ತಿತ್ತು.

ನನ್ನ ಬಳಿ ಆ ಚೀತಾ ಎದ್ದು ನಿಂತ ಚಿತ್ರವಿದೆ. ಬಹಳ ಮಂದಿ ಮೆಚ್ಚಿದ್ದಾರೆ. ಆಮೇಲೆ, ಗಡಿಯಾಚೆ ಕೀನ್ಯಾದ ಮಸಾಯಿ ಮಾರಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಓದಿದೆ. ಪ್ರವಾಸಿಗರು ಕಡಿಮೆಯಿರುವ ಕಡೆ ಒಂದು ತಾಯಿ ಚೀತಾ ಸರಾಸರಿ ಎರಡಕ್ಕಿಂತ ಹೆಚ್ಚು ಮರಿಗಳನ್ನು ಸ್ವತಂತ್ರವಾಗುವ ವಯಸ್ಸಿನವರೆಗೆ ಬೆಳೆಸಿದರೆ, ಪ್ರವಾಸಿಗರು ಕಿಕ್ಕಿರಿಯುವ ಕಡೆ ಆ ಸರಾಸರಿ 0.2ರಷ್ಟು ಮಾತ್ರ. ಎಂದರೆ ಐದು ತಾಯಂದಿರು ಸೇರಿದರೆ ಒಂದು ಮರಿ ಉಳಿದಂತೆ. ಚೀತಾ ಹಗಲಿನಲ್ಲಿ ಬೇಟೆಯಾಡುವ ಪ್ರಾಣಿಯಾದ್ದರಿಂದ ನಮ್ಮ ಹೊತ್ತೂ ಅದರ ಹೊತ್ತೂ ಒಂದೇ, ನಾವು ತೊಲಗುವವರೆಗೆ ಕಾಯುವ ಅನುಕೂಲ ಅದಕ್ಕಿಲ್ಲ.

ಹಿಂದೆ ಸರಿದ ಆ ಗೈಡಿನ ಹಿನ್ನೆಲೆಯೇನೋ ನನಗೆ ಗೊತ್ತಿಲ್ಲ. ಆದರೆ ಪಯಣಿಗರೇ, ನೀವು ಹಣ ಕೊಡುತ್ತಿರುವುದು ಬೇಡ ಎಂದು ಹೇಳಬಲ್ಲ ಒಬ್ಬ ಮನುಷ್ಯನಿಗೆ. ನನ್ನ ಚಾಲಕನಿಗೆ ತಿಳಿವಳಿಕೆಯಿತ್ತು, ಅವನು ಹಿಂದಿರುಗಿ ನೋಡಿದ ನೋಟದಲ್ಲಿಯೇ ಅದಿತ್ತು. ಹೇಳುವ ಸ್ವಾತಂತ್ರ್ಯ ಇರಲಿಲ್ಲ ಅಷ್ಟೆ. ಸಂಸ್ಥೆ ತನ್ನದೇ ಆಗಿದ್ದರೆ ಆ ಸ್ವಾತಂತ್ರ್ಯ ಇರುತ್ತದೆ.

ಲೆಕ್ಕಿಗ:

ಕ್ಯಾಮೆರಾದವರ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ ಕೊನೆಯ ವಾಕ್ಯವನ್ನು ಒಪ್ಪಲಾರೆ. ಗಾಡಿಯ ಮೇಲೆ ಬ್ಯಾಂಕಿನ ಸಾಲವಿರುವ ಯಜಮಾನ, ತಿಂಗಳ ಸಂಬಳ ಖಚಿತವಾಗಿರುವ ನೌಕರನಿಗಿಂತ ಹೆಚ್ಚು ಸ್ವತಂತ್ರನೆಂದು ನೀವು ಹೇಗೆ ಹೇಳುತ್ತೀರಿ? ಒಬ್ಬ ಪ್ರವಾಸಿ ಮುನಿಸಿಕೊಂಡು ಅಂತರ್ಜಾಲದಲ್ಲಿ ಒಂದು ನಕ್ಷತ್ರ ಕೊಟ್ಟರೆ ದೊಡ್ಡ ಸಂಸ್ಥೆಯ ಸಾವಿರ ವಿಮರ್ಶೆಗಳಲ್ಲಿ ಅದು ಮುಳುಗಿಹೋಗುತ್ತದೆ, ನಲವತ್ತು ವಿಮರ್ಶೆಗಳ ಸಣ್ಣ ಸಂಸ್ಥೆಗೆ ಅದು ಒಂದು ಹಂಗಾಮಿನ ನಷ್ಟ. ಬೇಡ ಎನ್ನಲು ಯಜಮಾನಿಕೆಯೊಂದೇ ಸಾಲದು, ಹಾಗೆ ಹೇಳಿಯೂ ಬದುಕಿ ಉಳಿಯುವ ಏರ್ಪಾಡು ಇರಬೇಕು.

ಹುಲ್ಲುಬಯಲು:

ಇದಕ್ಕೆ ನಾನು ಕಂಡ ಒಂದು ಏರ್ಪಾಡೆಂದರೆ, ಹೊರಡುವ ಮೊದಲೇ ಹೇಳಿಬಿಡುವುದು. ಅರುಷಾದಲ್ಲಿ ಕೆಲವು ಸಣ್ಣ ಸಂಸ್ಥೆಯವರು ಪ್ರವಾಸದ ಯೋಜನೆಯ ಜೊತೆಗೆ ಒಂದು ಪುಟ ಬರೆದು ಕಳುಹಿಸುತ್ತಾರೆ: ಇಷ್ಟು ಗಾಡಿಗಳಿಗಿಂತ ಹೆಚ್ಚಿದ್ದರೆ ನಾವು ಕಾಯುತ್ತೇವೆ, ಬೇಟೆಯ ನಡುವೆ ಗಾಡಿಯನ್ನು ಮುಂದಕ್ಕೆ ಬಿಡುವುದಿಲ್ಲ, ಗಂಟೆಗೆ 50 ಕಿಲೋಮೀಟರಿನ ಮಿತಿಯನ್ನು ಮೀರುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉದ್ಯಾನದಲ್ಲಿ ಓಡಿಸುವುದಿಲ್ಲ. ಮುಂಗಡ ಕಟ್ಟುವ ಮುನ್ನವೇ ಇದನ್ನು ಓದಿದವನಿಗೆ ಬಯಲಿನಲ್ಲಿ ಮುನಿಸಿಕೊಳ್ಳಲು ಕಾರಣ ಉಳಿಯುವುದಿಲ್ಲ. ಒಪ್ಪದವರು ಬೇರೆ ಕಡೆ ಹೋಗುತ್ತಾರೆ. ಪಯಣಿಗರಿಗೆ ಬಂದ ಉತ್ತರದಲ್ಲಿ ಮನ್ಯಾರಾವನ್ನು ತೆಗೆದುಹಾಕಿದ್ದು ಕೂಡ ಇದೇ ಜಾತಿಯದು ಎಂದು ನನಗನ್ನಿಸುತ್ತದೆ.

ಜೀವಶಾಸ್ತ್ರದ ಮೇಷ್ಟ್ರು:

ಎಲ್ಲರೂ ಗೈಡ್ ಏನನ್ನು ಮಾಡುವುದಿಲ್ಲ ಎಂಬುದನ್ನೇ ಹೇಳುತ್ತಿದ್ದೀರಿ. ಏನು ಮಾಡುತ್ತಾನೆ ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ನಾನು ಹೋಗಿದ್ದು ಇಂಥದೇ ತರಬೇತಿಯ ಒಬ್ಬರ ಜೊತೆ.

ಎನ್ಡೂಟುವಿನ ಬಯಲಿನಲ್ಲಿ ಕಣ್ಣು ಹರಿಯುವಷ್ಟು ದೂರ ಮರಗಳೇ ಇಲ್ಲದ ಕಡೆ ಅವರು ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದರು. ಸುತ್ತ ಸಾವಿರಗಟ್ಟಲೆ ವೈಲ್ಡೆಬೀಸ್ಟ್. ಇಲ್ಲಿ ಮರ ಏಕಿಲ್ಲ ಎಂದು ಕೇಳಿದರು. ಮಳೆ ಕಡಿಮೆ ಎಂದೆ. ಅದು ಅರ್ಧ ಉತ್ತರ ಎಂದು ಹೇಳಿ ಪೂರ್ವ ದಿಕ್ಕಿಗೆ ಕೈ ತೋರಿಸಿದರು. ಅತ್ತ ಓಲ್ ಡೊಯ್ನ್ಯೊ ಲೆಂಗಾಯಿ ಎಂಬ ಜ್ವಾಲಾಮುಖಿಯಿದೆ. ಅದೂ ಅದರ ನೆರೆಯ ಹಳೆಯ ಜ್ವಾಲಾಮುಖಿಗಳೂ ಉಗುಳಿದ ಬೂದಿ ಗಾಳಿಯಲ್ಲಿ ತೇಲಿಬಂದು ಈ ಬಯಲಿನ ಮೇಲೆ ಕೂತಿದೆ. ಮಳೆನೀರಿನಲ್ಲಿ ಕರಗಿದ ಸುಣ್ಣದ ಅಂಶ ಕೆಳಗಿಳಿದು ನೆಲದೊಳಗೆ ಗಟ್ಟಿ ಪದರವಾಗಿದೆ. ಮರದ ಬೇರು ಅದನ್ನು ಭೇದಿಸಲಾರದು, ಗಿಡ್ಡ ಹುಲ್ಲಿಗೆ ಮೇಲಿನ ಮಣ್ಣೇ ಸಾಕು. ಅದೇ ಬೂದಿಯಿಂದಾಗಿ ಹುಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಸಮೃದ್ಧವಾಗಿರುತ್ತದೆ, ಹಾಲೂಡುವ ತಾಯಿಗೆ ಬೇಕಾದದ್ದೂ ಅದೇ. ಮರವಿಲ್ಲದ ಬಯಲಿನಲ್ಲಿ ಹೊಂಚುವ ಪ್ರಾಣಿಗೆ ಮರೆಯೂ ಇಲ್ಲ. ಹದಿಮೂರು ಲಕ್ಷದಷ್ಟು ಪ್ರಾಣಿಗಳು ಪ್ರತಿವರ್ಷ ಇದೇ ಬಯಲಿಗೆ ಹೆರಿಗೆಗೆ ಬರುವುದು ತವರಿನ ಮೋಹದಿಂದಲ್ಲ ಎಂದು ನಕ್ಕರು. ಕರುಗಳಲ್ಲಿ ಬಹುಪಾಲು ಎರಡು ಮೂರು ವಾರಗಳೊಳಗೇ ಹುಟ್ಟುವುದರಿಂದ ಕತ್ತೆಕಿರುಬಗಳೂ ಸಿಂಹಗಳೂ ಎಷ್ಟೇ ತಿಂದರೂ ತಿಂದು ಮುಗಿಸಲಾರವು. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಎದ್ದು ನಿಂತು ತಾಯಿಯ ಹಿಂದೆ ತೊಡರುಗಾಲಿನಲ್ಲಿ ಓಡಿದ ಒಂದು ಕರುವನ್ನು ನಾವು ಆ ದಿನ ನೋಡಿದೆವು. ಅದಾಗಲೇ ಅಷ್ಟು ಕೇಳಿದ್ದರಿಂದ ನನಗೆ ಕಂಡದ್ದು ಕರು ಮಾತ್ರವಲ್ಲ, ಅದರ ಕಾಲ ಕೆಳಗಿನ ಬೂದಿಯೂ ಹೌದು.

ಇನ್ನೊಂದು ಸಂಗತಿ. ಈ ಹಿಂಡು ಅನಾದಿ ಕಾಲದಿಂದ ಹೀಗೇ ಇದೆ ಎಂದು ನಾನು ಭಾವಿಸಿದ್ದೆ. ಅವರು ಅದನ್ನು ತಿದ್ದಿದರು. 1890ರ ದಶಕದಲ್ಲಿ ಪೂರ್ವ ಆಫ್ರಿಕದ ದನಗಳನ್ನು ಅಳಿಸಿಹಾಕಿದ ದೊಡ್ಡರೋಗ (ರಿಂಡರ್‌ಪೆಸ್ಟ್) ಕಾಡಿನ ಗೊರಸು ಪ್ರಾಣಿಗಳಿಗೂ ತಗುಲಿ, ದಶಕಗಳ ಕಾಲ ಅವುಗಳ ಕರುಗಳನ್ನು ಕೊಲ್ಲುತ್ತಲೇ ಇತ್ತು. 1960ರ ದಶಕದ ಆರಂಭದಲ್ಲಿ ವೈಲ್ಡೆಬೀಸ್ಟ್‌ಗಳ ಸಂಖ್ಯೆ ಎರಡೂವರೆ ಲಕ್ಷದಷ್ಟಿತ್ತು. ಸುತ್ತಲಿನ ಹಳ್ಳಿಗಳ ದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡಿನಲ್ಲಿ ರೋಗ ತಾನಾಗಿ ನಿಂತಿತು, 1970ರ ದಶಕದ ಕೊನೆಗೆ ಆ ಸಂಖ್ಯೆ ಹದಿಮೂರು ಲಕ್ಷಕ್ಕೆ ಏರಿತು. ಕಾಡಿನ ಒಂದು ಪ್ರಾಣಿಗೂ ಸೂಜಿ ಚುಚ್ಚಿರಲಿಲ್ಲ. 1994ರಲ್ಲಿ ಇದರ ತಿರುವುಮುರುವೂ ನಡೆಯಿತು. ಊರ ನಾಯಿಗಳ ಮೂಲದ್ದೆಂದು ಗುರುತಿಸಲಾದ ಡಿಸ್ಟೆಂಪರ್ ವೈರಸ್ಸಿನಿಂದ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸತ್ತವು. ಉದ್ಯಾನದ ಗಡಿಯನ್ನು ನಕ್ಷೆಯಲ್ಲಿ ಎಳೆಯಬಹುದು, ನಾಯಿಗೂ ವೈರಸ್ಸಿಗೂ ಅದು ಕಾಣುವುದಿಲ್ಲ ಎಂಬುದು ಅವರ ಮಾತಿನ ಸಾರ. ಇದನ್ನು ಹೇಳುವಾಗ ಅವರು ಸಿಂಹದ ಕಡೆಗೆ ನೋಡಲೂ ಇಲ್ಲ, ದಾರಿಯಲ್ಲಿ ದನ ಮೇಯಿಸುತ್ತಿದ್ದ ಹುಡುಗನ ಜೊತೆಗಿದ್ದ ಎರಡು ನಾಯಿಗಳನ್ನು ತೋರಿಸುತ್ತಿದ್ದರು.

ಹೊರನೋಟ:

ಮೇಷ್ಟ್ರೇ, ಆ ದನ ಮೇಯಿಸುವ ಹುಡುಗನ ಬಗ್ಗೆ ನಿಮ್ಮ ಗೈಡ್ ಏನಾದರೂ ಹೇಳಿದರೇ? ನನಗೆ ಈ ಇಡೀ ಚರ್ಚೆಯಲ್ಲಿ ಕಾಡುವ ಪ್ರಶ್ನೆ ಅದು. ಸಂರಕ್ಷಣೆಯಲ್ಲಿ ತರಬೇತಿ ಪಡೆದವರು ಎಂದ ಕೂಡಲೇ ಎಲ್ಲರೂ ಕೈ ಮುಗಿಯುತ್ತೇವೆ. ಆದರೆ 1959ರಲ್ಲಿ ಸೆರೆಂಗೆಟಿಯನ್ನೂ ಎನ್ಗೊರೊಂಗೊರೊವನ್ನೂ ಬೇರ್ಪಡಿಸಿದಾಗ, ಸೆರೆಂಗೆಟಿಯಿಂದ ಹೊರಬಂದ ಮಸಾಯಿ ಜನರಿಗೆ ಎನ್ಗೊರೊಂಗೊರೊದಲ್ಲಿ ದನಗಳೊಂದಿಗೆ ಬದುಕುವ ಅವಕಾಶ ಕೊಡಲಾಗಿತ್ತು. ಈಗ ಜನವೂ ದನಗಳೂ ಹೆಚ್ಚಿದವೆಂಬ ಕಾರಣ ನೀಡಿ, 2022ರಿಂದೀಚೆಗೆ ಅವರನ್ನು ನೂರಾರು ಕಿಲೋಮೀಟರ್ ದೂರದ ಹಂದೇನಿ ಜಿಲ್ಲೆಯ ಮ್ಸೊಮೆರಾಕ್ಕೆ ಸಾಗಿಸಲಾಗುತ್ತಿದೆ. ಸ್ವಇಚ್ಛೆಯಿಂದ ಹೋಗುತ್ತಿದ್ದಾರೆಂದು ಸರ್ಕಾರ ಹೇಳಿದರೆ, ಶಾಲೆ ಆಸ್ಪತ್ರೆಗಳ ಸೌಲಭ್ಯ ಕಡಿತಮಾಡಿ ಹೊರಡುವಂತೆ ಮಾಡಲಾಗುತ್ತಿದೆಯೆಂದು ಅಲ್ಲಿನವರು ದೂರುತ್ತಾರೆ. ಇದರ ಬಗ್ಗೆ ಒಬ್ಬ ಗೈಡ್ ಹೇಗೆ ಮಾತಾಡುತ್ತಾನೆ, ಅಥವಾ ಮಾತಾಡುವುದೇ ಇಲ್ಲವೇ ಎಂಬುದರಿಂದ ಅವನ ತರಬೇತಿಯ ಆಳ ತಿಳಿಯುತ್ತದೆಂದು ನನ್ನ ಭಾವನೆ. ಮಸಾಯಿ ಹಳ್ಳಿಯೊಂದಕ್ಕೆ ಕರೆದೊಯ್ದು, ಕುಣಿತ ತೋರಿಸಿ, ಮಣಿಸರ ಮಾರಿಸಿ ವಾಪಸು ತರುವುದು ಉತ್ತರವಲ್ಲ.

ಹುಲ್ಲುಬಯಲು:

ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದು ಎಚ್ಚರಿಕೆ ಹೇಳುತ್ತೇನೆ. ಪ್ರತಿವರ್ಷ ಸರ್ಕಾರದಿಂದಲೇ ಪರವಾನಗಿ ನವೀಕರಿಸಿಕೊಳ್ಳಬೇಕಾದ ಎರಡು ಗಾಡಿಯ ಸಂಸ್ಥೆಯ ಮಾಲೀಕ, ಅಪರಿಚಿತ ಪ್ರವಾಸಿಗರ ಮುಂದೆ ಆ ವಿಷಯದಲ್ಲಿ ಬಾಯಿ ಬಿಡದಿದ್ದರೆ ಅದನ್ನು ಅಜ್ಞಾನವೆಂದು ತಿಳಿಯಬೇಡಿ. ಮಾತಿಗಿಂತ ಹಣ ಹೋಗುವ ದಾರಿಯನ್ನು ನೋಡುವುದು ಸುಲಭ. ತರಂಗಿರೆ ಮತ್ತು ಮನ್ಯಾರಾ ನಡುವೆ ಪ್ರಾಣಿಗಳು ಓಡಾಡುವ ಕ್ವಾ ಕುಚಿನ್ಜಾ ಎಂಬ ದಾರಿಯಿದೆ, ಅದು ಉದ್ಯಾನವಲ್ಲ, ಹಳ್ಳಿಗಳ ನೆಲ. ಅಲ್ಲಿ ಬುರುಂಗೆಯಂಥ ವನ್ಯಜೀವಿ ನಿರ್ವಹಣಾ ಪ್ರದೇಶಗಳನ್ನು ಹಳ್ಳಿಗಳೇ ಸೇರಿ ನಡೆಸುತ್ತವೆ, ಅಲ್ಲಿ ತಂಗಿದವರು ಕೊಡುವ ಶುಲ್ಕದಲ್ಲಿ ಒಂದು ಪಾಲು ಆ ಹಳ್ಳಿಗಳಿಗೆ ಸೇರುತ್ತದೆ. ತರಂಗಿರೆಯ ರಾತ್ರಿಯನ್ನು ಉದ್ಯಾನದೊಳಗಿನ ಲಾಡ್ಜಿನಲ್ಲಿ ಕಳೆಸುತ್ತಾರೋ ಇಂಥ ಪ್ರದೇಶದ ಬಿಡಾರದಲ್ಲಿ ಕಳೆಸುತ್ತಾರೋ ಎಂದು ಕೇಳಿ ನೋಡಿ, ಏಕೆ ಎಂದೂ ಕೇಳಿ.

ಪಯಣಿಗ:

ಎಲ್ಲರಿಗೂ ಧನ್ಯವಾದಗಳು. ಹತ್ತು ದಿನ ಇತ್ತ ಬರಲಾಗಲಿಲ್ಲ, ಅಷ್ಟರಲ್ಲಿ ಆ ಕುಟುಂಬದವರೊಂದಿಗೆ ಎರಡು ಬಾರಿ ಮಾತಾಡಿದೆ. ಲೆಕ್ಕಿಗರು ಹೇಳಿದಂತೆ ಎಲ್ಲವನ್ನೂ ಬರಹದಲ್ಲಿ ಕೇಳಿದ್ದೆ. ಉತ್ತರಿಸಿದವರು ಯಜಮಾನರಲ್ಲ, ಲೆಕ್ಕಪತ್ರ ನೋಡುವ ಅವರ ಪತ್ನಿ. ಪರವಾನಗಿಯ ಪ್ರತಿ ಬಂತು. ಗಾಡಿ ಕೆಟ್ಟರೆ ಅರುಷಾದ ಇನ್ನೆರಡು ಸಣ್ಣ ಸಂಸ್ಥೆಗಳೊಂದಿಗೆ ಪರಸ್ಪರ ಗಾಡಿ ಕೊಡುವ ಒಪ್ಪಂದವಿದೆಯೆಂದೂ, ಕಾಯಿಲೆ ಬಿದ್ದರೆ ವಿಮಾನದಲ್ಲಿ ನೈರೋಬಿಗೆ ಸಾಗಿಸುವ ಅಮ್ರೆಫ್ ಸೇವೆಯ ಸದಸ್ಯತ್ವವನ್ನು ದರದಲ್ಲಿಯೇ ಸೇರಿಸಿದ್ದೇವೆಂದೂ ಬರೆದರು. ದರ ಹೆಚ್ಚಿರುವುದಕ್ಕೆ ಕಾರಣಗಳಲ್ಲಿ ಅದೂ ಒಂದು. ತರಂಗಿರೆಗೆ ಗೊತ್ತುಮಾಡಿರುವುದು ಬುರುಂಗೆಯ ಕಡೆಯ ಬಿಡಾರ. ಏಕೆಂದು ಕೇಳಿದ್ದಕ್ಕೆ, ಆನೆಗಳು ಸಂಜೆ ದಾಟಿ ಹೋಗುವ ನೆಲ ಬೇಲಿಯಿಲ್ಲದೆ ಉಳಿಯಬೇಕಾದರೆ ಆ ನೆಲದವರಿಗೆ ಅದರಿಂದ ನಾಲ್ಕು ಕಾಸು ಹುಟ್ಟಬೇಕಲ್ಲವೇ ಎಂದರು.

ಆದರೆ ಪತ್ರದ ನಡುವೆ ಇನ್ನೊಂದು ಸಂಗತಿಯಿತ್ತು. ನಾವು ಕೇಳಿದ ವಾರ ಯಜಮಾನರು ಬೇರೊಂದು ತಂಡದೊಂದಿಗೆ ಹೋಗಲು ಒಪ್ಪಿಕೊಂಡಾಗಿದೆ. ನಮ್ಮೊಂದಿಗೆ ಬರುವವರು ಅವರ ಅಣ್ಣನ ಮಗಳು, ಅದೇ ಕಾಲೇಜಿನಲ್ಲಿ ಓದಿ ಮೂರು ವರ್ಷದಿಂದ ಗಾಡಿ ಓಡಿಸುತ್ತಿರುವ ಹೆಣ್ಣುಮಗಳು. ಯಜಮಾನರೇ ಬೇಕೆಂದಾದರೆ ಮಾರ್ಚ್ ಎರಡನೇ ವಾರಕ್ಕೆ ಬನ್ನಿ, ಆದರೆ ಆ ಹೊತ್ತಿಗೆ ಕರು ಹಾಕುವ ಕಾಲ ಬಹುಪಾಲು ಮುಗಿದಿರುತ್ತದೆ, ದೊಡ್ಡ ಮಳೆಯೂ ಹತ್ತಿರವಾಗಿರುತ್ತದೆ ಎಂದಿದ್ದಾರೆ. ಏನು ಮಾಡಲಿ? ಅಪ್ಪನಿಗೆ ಸ್ವಲ್ಪ ಹಿಂಜರಿಕೆ, ಅಮ್ಮನಿಗೆ ಪರಮ ಸಂತೋಷ.

ಲೆಕ್ಕಿಗ:

ಮುಂಗಡ ತೆಗೆದುಕೊಳ್ಳುವ ಮೊದಲೇ ಇದನ್ನು ಹೇಳಿದರೇ? ಹಾಗಿದ್ದರೆ ನನ್ನ ಅನುಮಾನದ ಬಹುಪಾಲನ್ನು ಹಿಂತೆಗೆದುಕೊಳ್ಳುತ್ತೇನೆ. ನನಗೆ ಮೋಸವಾದದ್ದು ಸರಿಯಾಗಿ ಇದೇ ಜಾಗದಲ್ಲಿ. ಒಬ್ಬನೇ ಮನುಷ್ಯನ ಹೆಸರಿನ ಮೇಲೆ ನಿಂತ ಸಂಸ್ಥೆ ಆ ಮನುಷ್ಯ ದಣಿದ ದಿನ ಮುಗಿಯುತ್ತದೆ, ಇವರು ಎರಡನೆಯವರನ್ನು ಓದಿಸಿ ತಯಾರು ಮಾಡಿದ್ದಾರೆ. ಮುಂಗಡದ ಪ್ರಮಾಣ ಶೇಕಡಾ 30ಕ್ಕಿಂತ ಹೆಚ್ಚಾಗದಿರಲಿ ಎಂಬ ಸಲಹೆಯನ್ನು ಮಾತ್ರ ಹಿಂತೆಗೆದುಕೊಳ್ಳಲಾರೆ.

ಕ್ಯಾಮೆರಾ ಹೊತ್ತವನು:

ಮೂರು ವರ್ಷದ ಅನುಭವದವರಿಗೆ ಪ್ರಾಣಿ ಹುಡುಕುವುದರಲ್ಲಿ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೇ ವ್ಯತ್ಯಾಸ. ಗೈಡುಗಳೆಲ್ಲ ರೇಡಿಯೊದಲ್ಲಿ ಮಾತಾಡಿಕೊಳ್ಳುವುದರಿಂದ ಅದೂ ಹಿಡಿಯಲಾರದು. ನಾನಾದರೆ ಅವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ವಯಸ್ಸಿನಲ್ಲಿ ನಿಮಗಿಂತ ಹಿರಿಯನಾದ, ದೊಡ್ಡ ಕ್ಯಾಮೆರಾ ಹಿಡಿದ ಗಂಡಸೊಬ್ಬ ಭುಜ ತಟ್ಟಿ ಇನ್ನೂ ಮುಂದೆ ಹೋಗು ಎಂದರೆ ಏನು ಮಾಡುತ್ತೀರಿ?

ಪಯಣಿಗ:

ನಿನ್ನೆ ವಿಡಿಯೊ ಕರೆಯಲ್ಲಿ ಮಾತಾಡಿದೆವು. ಕ್ಯಾಮೆರಾದವರ ಪ್ರಶ್ನೆಯನ್ನು ಇದ್ದಂತೆಯೇ ಕೇಳಿದೆ. ಆಕೆ ನಕ್ಕು, ಎಂಜಿನ್ ಆರಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ, ಪ್ರಾಣಿಯ ಕಥೆ ಹೇಳಲು ಶುರುಮಾಡುತ್ತೇನೆ, ಅಷ್ಟರಲ್ಲಿ ಅವರೂ ಕೂತುಕೊಳ್ಳುತ್ತಾರೆ ಎಂದರು. ಆಮೇಲೆ ನನ್ನನ್ನು ಬಿಟ್ಟು ಮಗಳನ್ನು ಮಾತಾಡಿಸಿ, ನಿನಗೆ ಏನು ನೋಡಬೇಕು ಎಂದು ಕೇಳಿದರು. ಸಿಂಹ ಎನ್ನುತ್ತಾಳೆಂದುಕೊಂಡಿದ್ದೆವು. ಸಗಣಿ ಉಂಡೆ ಉರುಳಿಸುವ ಹುಳ ಎಂದಳು. ಹಾಗಾದರೆ ಮಳೆ ಬಿದ್ದ ಮರುದಿನ ಬೆಳಗ್ಗೆ ನಾವು ಎಲ್ಲಿಗೂ ಅವಸರದಲ್ಲಿ ಹೋಗುವುದು ಬೇಡ, ಬಿಡಾರದ ಹತ್ತಿರವೇ ಎಲ್ಲಾದರೂ ಕಾಡೆಮ್ಮೆಯ ಸಗಣಿ ಹುಡುಕೋಣ ಎಂದು ಆಕೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಅಪ್ಪನ ಹಿಂಜರಿಕೆ ಅಲ್ಲಿಗೆ ಹೋಯಿತು. ಮುಂಗಡ ಶೇಕಡಾ 30 ಇಂದು ಕಳುಹಿಸಿದ್ದೇನೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಕಡುನೀಲಿ ಮತ್ತು ಕಪ್ಪು ಬಟ್ಟೆ ತರಬೇಡಿ ಎಂದು ಅವರು ಬರೆದಿದ್ದಾರೆ. ಅದು ಪ್ರಾಣಿಗಳು ಬೆದರುತ್ತವೆಂದೇ?

ಹುಲ್ಲುಬಯಲು:

ಅಲ್ಲ, ತ್ಸೆತ್ಸೆ ನೊಣಕ್ಕಾಗಿ. ಆ ಎರಡು ಬಣ್ಣಗಳು ಅದನ್ನು ಸೆಳೆಯುತ್ತವೆ, ಎಷ್ಟೆಂದರೆ ಅದನ್ನು ಹಿಡಿಯಲು ಮರಗಳಿಗೆ ತೂಗುಹಾಕುವ ಬಲೆಗಳನ್ನೂ ನೀಲಿ ಮತ್ತು ಕಪ್ಪು ಬಟ್ಟೆಯಿಂದಲೇ ಹೊಲಿಯುತ್ತಾರೆ. ತರಂಗಿರೆಯಲ್ಲಿ ಅವುಗಳ ಕಾಟ ಹೆಚ್ಚು, ಕಚ್ಚಿದರೆ ಬಟ್ಟೆಯ ಮೇಲಿನಿಂದಲೂ ಉರಿಯುತ್ತದೆ. ಮಣ್ಣಿನ ಬಣ್ಣದ ಉದ್ದ ತೋಳಿನ ಅಂಗಿಗಳು ಸಾಕು. ಪ್ಲಾಸ್ಟಿಕ್ ಚೀಲಗಳನ್ನೂ ಮನೆಯಲ್ಲೇ ಬಿಟ್ಟು ಬನ್ನಿ, 2019ರ ಜೂನ್ 1ರಿಂದ ಆ ದೇಶದಲ್ಲಿ ಅವಕ್ಕೆ ನಿಷೇಧವಿದೆ.